ಹೊರಗುಳಿದ ಮೂರು ತಂಡಗಳು

2025ರ ಮಾರ್ಚ್‌ನಲ್ಲಿ ಉತ್ತರ ಕ್ಯಾರೊಲೈನಾದ ಶಾರ್ಲಟ್ ನಗರದಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನ ಪುರುಷರ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಆರಂಭವಾದಾಗ ಹಿಂದಿನ ವರ್ಷದ ಚಾಂಪಿಯನ್ ತಂಡವೇ ಅಲ್ಲಿರಲಿಲ್ಲ. ಅದು ಸೋತು ಹೊರಬಿದ್ದದ್ದಲ್ಲ, ಅದಕ್ಕೆ ಆಡುವ ಅವಕಾಶವೇ ಇರಲಿಲ್ಲ. ಕಾನ್ಫರೆನ್ಸ್‌ನ ಹದಿನೆಂಟು ತಂಡಗಳಲ್ಲಿ ಹದಿನೈದಕ್ಕೆ ಮಾತ್ರ ಪ್ರವೇಶವೆಂದು ನಿಗದಿಯಾಗಿದ್ದ ಆ ವರ್ಷ ಉತ್ತರ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಲೀಗ್‌ನಲ್ಲಿ ಐದು ಪಂದ್ಯ ಗೆದ್ದು ಹದಿನೈದು ಸೋತು ಹದಿನಾರನೆಯ ಸ್ಥಾನಕ್ಕೆ ಇಳಿದಿತ್ತು. ಆ ವಿಶ್ವವಿದ್ಯಾಲಯವಿರುವ ರಾಲೀ ನಗರದ ಪಕ್ಕದಲ್ಲೇ ವಾಸವಾಗಿರುವ ನನಗೆ ತಂಡ ಸೋತದ್ದರ ಬಗ್ಗೆ ತಕರಾರಿಲ್ಲ, ಅದು ನಿಜಕ್ಕೂ ಕೆಟ್ಟದಾಗಿ ಆಡಿತ್ತು. ತಕರಾರಿರುವುದು ಬಾಗಿಲು ಮುಚ್ಚಿದ ನಿಯಮದ ಬಗ್ಗೆ. ಒಂದೇ ಸೋಲಿಗೆ ಮನೆಗೆ ಕಳುಹಿಸುವ ಪದ್ಧತಿಯನ್ನು ಒಪ್ಪಿಕೊಂಡವರು ಆ ಪದ್ಧತಿಗೆ ಆಧಾರವಾಗಿದ್ದ ಎಲ್ಲರ ಪ್ರವೇಶದ ಹಕ್ಕನ್ನು ಕಿತ್ತುಕೊಂಡರೆ ಉಳಿಯುವುದು ಬರೀ ಕ್ರೌರ್ಯ ಎಂಬುದು ನನ್ನ ಅಭಿಪ್ರಾಯ.

ಈ ಕಾನ್ಫರೆನ್ಸನ್ನು ಎಲ್ಲರೂ ಎಸಿಸಿ ಎಂದೇ ಕರೆಯುತ್ತಾರೆ. ಕ್ರಿಕೆಟ್ ಓದುಗರು ಇದನ್ನು ಏಷ್ಯನ್ ಕ್ರಿಕೆಟ್ ಕೌನ್ಸಿಲ್ ಎಂದು ಭಾವಿಸಬಾರದು. ಅಮೆರಿಕದ ವಿಶ್ವವಿದ್ಯಾಲಯಗಳು ಕ್ರೀಡೆಗಾಗಿ ಇಂಥ ಕೂಟಗಳನ್ನು ಕಟ್ಟಿಕೊಂಡಿವೆ. ಚಳಿಗಾಲವಿಡೀ ಕೂಟದ ತಂಡಗಳು ಒಬ್ಬರ ಅಂಗಣಕ್ಕೆ ಇನ್ನೊಬ್ಬರು ಹೋಗಿ ಲೀಗ್ ಪಂದ್ಯಗಳನ್ನಾಡುತ್ತವೆ. ಮಾರ್ಚ್ ಬಂತೆಂದರೆ ಎಲ್ಲರೂ ಒಂದೇ ಊರಿನಲ್ಲಿ ಸೇರಿ ಕೆಲವೇ ದಿನಗಳಲ್ಲಿ ನಾಕೌಟ್ ಪಂದ್ಯಾವಳಿಯೊಂದನ್ನು ಆಡಿ ಮುಗಿಸುತ್ತಾರೆ. ಅದನ್ನು ಗೆದ್ದವರಿಗೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ನಡೆಸುವ 68 ತಂಡಗಳ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶ ಸಿಗುತ್ತದೆ; ಗೆಲ್ಲದವರು ಆಯ್ಕೆ ಸಮಿತಿಯ ಕೃಪೆಗಾಗಿ ಕಾಯಬೇಕು. ಎಸಿಸಿಯಲ್ಲಿ ಇನ್ನೂ ಒಂದು ವಿಶೇಷವಿದೆ. ಮೂರು ತಿಂಗಳು ಆಡಿ ಲೀಗ್‌ನಲ್ಲಿ ಮೊದಲ ಸ್ಥಾನಕ್ಕೆ ಬಂದವರಲ್ಲ, ಮಾರ್ಚ್‌ನ ಆ ಒಂದು ವಾರ ಗೆದ್ದವರೇ ನಿಯಮದ ಪ್ರಕಾರ ಕಾನ್ಫರೆನ್ಸ್‌ನ ಅಧಿಕೃತ ಚಾಂಪಿಯನ್.

ಇದನ್ನು ಮೊದಲ ಸಲ ಕೇಳಿದಾಗ ನಮ್ಮ ಕಡೆಯವರಿಗೆ ಅನ್ಯಾಯವೆಂದೇ ತೋರುತ್ತದೆ. ವರ್ಷವಿಡೀ ಓದಿದವನನ್ನು ಬಿಟ್ಟು ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆದವನಿಗೆ ಪದಕ ಕೊಟ್ಟಂತೆ ಇದು ಎಂದು ಸಹೋದ್ಯೋಗಿಯೊಬ್ಬರು, ಅವರೂ ಕನ್ನಡಿಗರೇ, ಊಟದ ಹೊತ್ತಿನಲ್ಲಿ ವಾದಿಸಿದ್ದುಂಟು. ಆದರೆ ಈ ಪದ್ಧತಿ ಹುಟ್ಟಿದ ಬಗೆಯನ್ನು ತಿಳಿದರೆ ಅದರ ಒಳತರ್ಕ ಕಾಣುತ್ತದೆ.

1953ರ ಮೇ ತಿಂಗಳಲ್ಲಿ ಗ್ರೀನ್ಸ್‌ಬರೊ ನಗರದ ಬಳಿಯ ಸೆಡ್ಜ್‌ಫೀಲ್ಡ್ ಇನ್ ಎಂಬ ಹೋಟೆಲಿನಲ್ಲಿ ಏಳು ವಿಶ್ವವಿದ್ಯಾಲಯಗಳು ಹಳೆಯ ಸದರ್ನ್ ಕಾನ್ಫರೆನ್ಸ್‌ನಿಂದ ಹೊರಬಂದು ಎಸಿಸಿಯನ್ನು ಸ್ಥಾಪಿಸಿದವು. ಅದೇ ವರ್ಷದ ಕೊನೆಯಲ್ಲಿ ವರ್ಜೀನಿಯಾ ಎಂಟನೆಯದಾಗಿ ಸೇರಿತು. ಎಂಟರಲ್ಲಿ ನಾಲ್ಕು ತಂಡಗಳು, ಅಂದರೆ ಡ್ಯೂಕ್, ಉತ್ತರ ಕ್ಯಾರೊಲೈನಾ, ಉತ್ತರ ಕ್ಯಾರೊಲೈನಾ ಸ್ಟೇಟ್ ಮತ್ತು ವೇಕ್ ಫಾರೆಸ್ಟ್, ಇದೊಂದೇ ರಾಜ್ಯದವು. ಮೊದಲ ಪಂದ್ಯಾವಳಿ 1954ರಲ್ಲಿ ರಾಲೀಯ ರೆನಾಲ್ಡ್ಸ್ ಕಲಿಸಿಯಂನಲ್ಲಿ ನಡೆಯಿತು; ಆತಿಥೇಯ ಉತ್ತರ ಕ್ಯಾರೊಲೈನಾ ಸ್ಟೇಟ್ ತಂಡ (ಮುಂದೆ ಬರೀ ಸ್ಟೇಟ್ ಎನ್ನುತ್ತೇನೆ) ಹೆಚ್ಚುವರಿ ಅವಧಿಗೆ ಹೋದ ಫೈನಲ್‌ನಲ್ಲಿ ವೇಕ್ ಫಾರೆಸ್ಟನ್ನು 82–80ರಿಂದ ಸೋಲಿಸಿತು. ಸ್ಟೇಟ್‌ನ ಕೋಚ್ ಎವರೆಟ್ ಕೇಸ್ ಇಂಡಿಯಾನಾದಿಂದ ಬಂದವರು. ಬಾಸ್ಕೆಟ್‌ಬಾಲನ್ನು ಊರಿನ ಹಬ್ಬವನ್ನಾಗಿ ಮಾಡುವ ಕಲೆ ಅವರಿಗೆ ಸಿದ್ಧಿಸಿತ್ತು. ಗೆದ್ದ ತಂಡದವರು ಏಣಿ ಹತ್ತಿ ಬುಟ್ಟಿಯ ಬಲೆಯನ್ನು ಕತ್ತರಿಸಿಕೊಳ್ಳುವ ಆಚರಣೆಯನ್ನು ಈ ಸೀಮೆಯಲ್ಲಿ ರೂಢಿಗೆ ತಂದವರೂ ಅವರೇ.

ಆಗ ಎನ್‌ಸಿಎಎ ಪಂದ್ಯಾವಳಿಗೆ ಒಂದು ಕಾನ್ಫರೆನ್ಸ್‌ನಿಂದ ಒಂದೇ ತಂಡಕ್ಕೆ ಅವಕಾಶವಿತ್ತು, ಆ ಒಂದು ತಂಡ ಯಾವುದೆಂಬುದನ್ನು ಎಸಿಸಿ ಮಾರ್ಚ್‌ನ ಮೂರು ದಿನಗಳಿಗೆ ಬಿಟ್ಟುಕೊಟ್ಟಿತ್ತು. 1957ರಲ್ಲಿ ಒಂದೂ ಪಂದ್ಯ ಸೋಲದೆ 32 ಗೆಲುವುಗಳೊಂದಿಗೆ ರಾಷ್ಟ್ರೀಯ ಚಾಂಪಿಯನ್ ಆದ ಉತ್ತರ ಕ್ಯಾರೊಲೈನಾ ತಂಡ ಎಸಿಸಿ ಸೆಮಿಫೈನಲ್‌ನಲ್ಲಿ ವೇಕ್ ಫಾರೆಸ್ಟ್ ವಿರುದ್ಧ ಗೆದ್ದದ್ದು 61–59ರಿಂದ. ಇನ್ನೊಂದು ಬುಟ್ಟಿ ಆಚೆಗೆ ಬಿದ್ದಿದ್ದರೆ ಆ ಚರಿತ್ರೆಯೇ ಇರುತ್ತಿರಲಿಲ್ಲ. 1970ರಲ್ಲಿ ದಕ್ಷಿಣ ಕ್ಯಾರೊಲೈನಾ ಲೀಗ್‌ನ ಹದಿನಾಲ್ಕಕ್ಕೆ ಹದಿನಾಲ್ಕೂ ಪಂದ್ಯಗಳನ್ನು ಗೆದ್ದಿತ್ತು. ಶಾರ್ಲಟ್‌ನಲ್ಲಿ ನಡೆದ ಫೈನಲ್‌ನಲ್ಲಿ ಎರಡು ಹೆಚ್ಚುವರಿ ಅವಧಿಗಳ ಬಳಿಕ ಸ್ಟೇಟ್ ತಂಡಕ್ಕೆ 42–39ರಿಂದ ಸೋತು ರಾಷ್ಟ್ರೀಯ ಪಂದ್ಯಾವಳಿಯಿಂದ ಹೊರಗುಳಿಯಿತು. ಮರುವರ್ಷ ಅದೇ ತಂಡ ಪಂದ್ಯಾವಳಿಯನ್ನು ಗೆದ್ದು, ಕಪ್ಪಿನೊಡನೆ ಎಸಿಸಿಯನ್ನೇ ಬಿಟ್ಟು ಹೋಯಿತು. ಬಿಟ್ಟು ಹೋಗಲು ಬೇರೆ ಕಾರಣಗಳೂ ಇದ್ದವು, ನಿಜ.

ಆದರೆ ಈ ಸೀಮೆಯ ಹಿರಿಯರು ಇಂದಿಗೂ ಮಾತಾಡುವುದು 1974ರ ಮಾರ್ಚ್ 9ರ ಫೈನಲ್ ಬಗ್ಗೆ. ಗ್ರೀನ್ಸ್‌ಬರೊ ಕಲಿಸಿಯಂನಲ್ಲಿ ಎದುರಾದವರು ದೇಶದಲ್ಲೇ ಮೊದಲ ಕ್ರಮಾಂಕದ ಸ್ಟೇಟ್ ಮತ್ತು ನಾಲ್ಕನೆಯ ಕ್ರಮಾಂಕದ ಮೇರಿಲ್ಯಾಂಡ್. ಒಂದು ಕಡೆ ಡೇವಿಡ್ ಥಾಂಪ್ಸನ್ ಮತ್ತು ಏಳಡಿಗೂ ಮೀರಿದ ಟಾಮ್ ಬರ್ಲ್‌ಸನ್, ಇನ್ನೊಂದು ಕಡೆ ಟಾಮ್ ಮ್ಯಾಕ್‌ಮಿಲನ್, ಲೆನ್ ಎಲ್ಮೋರ್, ಜಾನ್ ಲೂಕಸ್. ದಕ್ಷಿಣ ಕ್ಯಾರೊಲೈನಾ ಹೋದ ಮೇಲೆ ಏಳೇ ತಂಡಗಳು ಉಳಿದಿದ್ದುದರಿಂದ ಅಗ್ರಸ್ಥಾನದ ಸ್ಟೇಟ್‌ಗೆ ಮೊದಲ ಸುತ್ತಿನಲ್ಲಿ ಬೈ, ಅಂದರೆ ಆಡದೆಯೇ ಮುಂದಕ್ಕೆ ಹೋಗುವ ಅವಕಾಶ, ಸಿಕ್ಕಿತ್ತು; ಮೇರಿಲ್ಯಾಂಡ್‌ಗೆ ಅದು ಮೂರು ದಿನಗಳಲ್ಲಿ ಮೂರನೆಯ ಪಂದ್ಯ. ಮೂರು ಅಂಕಗಳ ಗೆರೆ ಇನ್ನೂ ಬಂದಿರದ ಆ ಕಾಲದಲ್ಲಿ ಪಂದ್ಯ ಹೆಚ್ಚುವರಿ ಅವಧಿಯಲ್ಲಿ 103–100ಕ್ಕೆ ಮುಗಿಯಿತು. 38 ಅಂಕ ಗಳಿಸಿದ ಬರ್ಲ್‌ಸನ್ ಅಂದಿನ ನಾಯಕನಾದ. ಸೋತ ಮೇರಿಲ್ಯಾಂಡ್‌ನ ಕೋಚ್ ಲೆಫ್ಟಿ ಡ್ರೀಸೆಲ್ ಎದುರಾಳಿಗಳ ಬಸ್ಸು ಹತ್ತಿ ಅವರನ್ನು ಅಭಿನಂದಿಸಿದರೆಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಸ್ಟೇಟ್ ಮುಂದೆ ಯುಸಿಎಲ್‌ಎಯನ್ನೂ ಮಾರ್ಕೆಟ್ ವಿಶ್ವವಿದ್ಯಾಲಯವನ್ನೂ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ದೇಶದ ಅತ್ಯುತ್ತಮ ನಾಲ್ಕೈದು ತಂಡಗಳಲ್ಲಿ ಒಂದಾಗಿದ್ದ ಮೇರಿಲ್ಯಾಂಡ್ ಮನೆಯಲ್ಲಿ ಕುಳಿತಿತು. ಮರುವರ್ಷವೇ ಎನ್‌ಸಿಎಎ ತನ್ನ ಪಂದ್ಯಾವಳಿಯನ್ನು 32 ತಂಡಗಳಿಗೆ ವಿಸ್ತರಿಸಿ ಒಂದು ಕಾನ್ಫರೆನ್ಸ್‌ನಿಂದ ಎರಡನೆಯ ತಂಡಕ್ಕೂ ದಾರಿ ಮಾಡಿತು. ಆ ಬದಲಾವಣೆಯ ಹಿಂದೆ ಈ ಪಂದ್ಯದ ಒತ್ತಡವಿತ್ತೆಂದು ಬಹಳ ಮಂದಿ ನಂಬುತ್ತಾರೆ.

ರಣಜಿ ಟ್ರೋಫಿಯನ್ನು ಅನುಸರಿಸುತ್ತ ಬೆಳೆದ ಕನ್ನಡಿಗರಿಗೆ ಇದು ಪರಿಚಿತ ಕಥೆಯೇ. 1957–58ರಲ್ಲಿ ವಲಯವಾರು ಲೀಗ್ ಪದ್ಧತಿ ಬಂದಾಗ ದಕ್ಷಿಣ ವಲಯದಲ್ಲಿ ಮೈಸೂರು, ಮದ್ರಾಸು, ಹೈದರಾಬಾದು, ಆಂಧ್ರ ಮತ್ತು ಕೇರಳ ತಂಡಗಳು ಸೆಣಸುತ್ತಿದ್ದವು, ಅವುಗಳಲ್ಲಿ ಅಗ್ರಸ್ಥಾನದ ಒಂದೇ ತಂಡ ಮುಂದಿನ ಹಂತಕ್ಕೆ ಹೋಗುತ್ತಿತ್ತು. ಯಾವ ವಲಯದಲ್ಲಿ ಬಲಿಷ್ಠರು ಹೆಚ್ಚಿದ್ದಾರೋ ಆ ವಲಯದ ಎರಡನೆಯ ತಂಡಕ್ಕೆ ಅನ್ಯಾಯವಾಗುವುದು ಅಲ್ಲಿಯೂ ಖಚಿತವಾಗಿತ್ತು. 1970–71ರಿಂದ ವಲಯಕ್ಕೆ ಎರಡು ತಂಡಗಳೆಂಬ ನಿಯಮ ಬಂತು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ 1975ರಲ್ಲಿ ಮಾಡಿದ ತಿದ್ದುಪಡಿಯನ್ನು ಭಾರತದ ಕ್ರಿಕೆಟ್ ಮಂಡಳಿ ನಾಲ್ಕು ವರ್ಷ ಮೊದಲೇ ಮಾಡಿತ್ತು ಎನ್ನುವುದನ್ನು ನಾನು ಇಲ್ಲಿನ ಗೆಳೆಯರಿಗೆ ತುಸು ಜಂಭದಿಂದಲೇ ಹೇಳುತ್ತೇನೆ.

ಕರ್ನಾಟಕ ಮೊದಲ ಬಾರಿ ರಣಜಿ ಗೆದ್ದದ್ದೂ 1973–74ರ ಋತುವಿನಲ್ಲಿ; ರಾಜ್ಯದ ಹೆಸರು ಬದಲಾದ ಮೇಲೆ ಆ ಹೆಸರಿನಲ್ಲಿ ತಂಡ ಆಡಿದ ಮೊದಲ ಋತು ಅದು. ಸತತ ಹದಿನೈದು ವರ್ಷ ಟ್ರೋಫಿಯನ್ನು ಬಿಟ್ಟುಕೊಡದಿದ್ದ ಬೊಂಬಾಯಿಯನ್ನು ಪ್ರಸನ್ನ ನಾಯಕತ್ವದ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಹಿಂದಿಕ್ಕಿತು. ಹಿಂದಿಕ್ಕಿದ್ದು ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ, ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಅವರ ಶತಕಗಳ ಮೇಲೆ. ಎರಡು ಪದ್ಧತಿಗಳು ಬೇರೆಯಾಗುವುದು ಇಲ್ಲೇ. ರಣಜಿಯ ನಾಕೌಟ್ ಪಂದ್ಯವೂ ಒಂದೇ ಸೋಲಿನ ಆಟವೆಂಬುದು ದಿಟ, ಆದರೆ ಆ ಒಂದು ಪಂದ್ಯ ದಿನಗಟ್ಟಲೆ ನಡೆಯುತ್ತದೆ. ಒಂದು ಕೆಟ್ಟ ಗಂಟೆಯನ್ನು ತಿದ್ದಿಕೊಳ್ಳಲು ಮರುದಿನ ಬೆಳಗ್ಗೆ ಸಿಗುತ್ತದೆ. ಪಂದ್ಯ ಡ್ರಾ ಆದರೆ ಅದೃಷ್ಟವಲ್ಲ, ಅಲ್ಲಿಯತನಕ ಮಾಡಿದ ಕೆಲಸವೇ ತೀರ್ಪು ಕೊಡುತ್ತದೆ. ಪ್ರವೇಶ ಕೆಲವರಿಗೆ ಮಾತ್ರ, ಆದರೆ ಒಳಗೆ ಬಂದವರಿಗೆ ತಮ್ಮನ್ನು ತೋರಿಸಿಕೊಳ್ಳಲು ಧಾರಾಳ ಸಮಯ ಎಂಬುದು ಅದರ ನ್ಯಾಯ. ಬಾಸ್ಕೆಟ್‌ಬಾಲ್‌ನಲ್ಲಿ ಇರುವುದು ನಲವತ್ತು ನಿಮಿಷ. ಆ ನಲವತ್ತು ನಿಮಿಷಗಳನ್ನೂ ಸರಿಯಾಗಿ ಬಳಸದ ಕಾಲವೊಂದಿತ್ತು: 1982ರ ಎಸಿಸಿ ಫೈನಲ್‌ನಲ್ಲಿ ಉತ್ತರ ಕ್ಯಾರೊಲೈನಾ ಆಟಗಾರರು ಬುಟ್ಟಿಯತ್ತ ಎಸೆಯದೆ ಚೆಂಡನ್ನು ನಿಮಿಷಗಟ್ಟಲೆ ತಮ್ಮತಮ್ಮಲ್ಲೇ ದಾಟಿಸುತ್ತ ವರ್ಜೀನಿಯಾವನ್ನು 47–45ರಿಂದ ಸೋಲಿಸಿದರು. ಟಿವಿಯ ಮುಂದೆ ಕುಳಿತಿದ್ದ ದೇಶ ಆಕಳಿಸಿತು, ಮರು ಋತುವಿನಲ್ಲೇ ಎಸಿಸಿ ಪ್ರಯೋಗಾರ್ಥವಾಗಿ 30 ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಲೇಬೇಕೆಂಬ ಗಡಿಯಾರ ತಂದಿತು.

ಇಂಥ ಅಲ್ಪಾವಧಿಯ ಒಂದೇ ಸೋಲಿನ ಆಟಕ್ಕೆ ನಮ್ಮಲ್ಲಿ ಸರಿಯಾದ ಹೋಲಿಕೆ ರಣಜಿಯಲ್ಲ, ಕೊಡಗಿನ ಹಾಕಿ ನಮ್ಮೆ, ಅಂದರೆ ಹಾಕಿ ಹಬ್ಬ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರ ಮುಂದಾಳುತನದಲ್ಲಿ ಆರಂಭವಾದ ಆ ಕೊಡವ ಕುಟುಂಬಗಳ ಪಂದ್ಯಾವಳಿ 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ನಡೆದಾಗ 360 ತಂಡಗಳು ಹೆಸರು ಕೊಟ್ಟಿದ್ದವು. ಅಲ್ಲಿ ಪ್ರವೇಶಕ್ಕೆ ಅರ್ಹತಾ ಸುತ್ತಿಲ್ಲ. ಒಕ್ಕದ, ಅಂದರೆ ಮನೆತನದ, ಹೆಸರೇ ಅರ್ಹತೆ. ಒಲಿಂಪಿಕ್ಸ್ ಆಡಿದವನಿರುವ ತಂಡವೂ, ನಿವೃತ್ತ ಸುಬೇದಾರರು ಮತ್ತು ಕಾಲೇಜು ಹುಡುಗಿಯರು ಜತೆಯಾಗಿ ಸ್ಟಿಕ್ ಹಿಡಿದ ತಂಡವೂ ಒಂದೇ ಪಟ್ಟಿಯಲ್ಲಿರಲು ಸಾಧ್ಯ. ಮೊದಲ ಪಂದ್ಯದಲ್ಲೇ ಸೋತು ಹೊರಟವರ ಮುಖದಲ್ಲಿ ಅನ್ಯಾಯವಾಯಿತೆಂಬ ಭಾವನೆಯಿರುವುದಿಲ್ಲ, ಏಕೆಂದರೆ ಮುಂದಿನ ವರ್ಷ ಯಾರ ಅಪ್ಪಣೆಯೂ ಇಲ್ಲದೆ ಅವರು ಮತ್ತೆ ಬರುತ್ತಾರೆ. ಸೋಲಿನ ಕಾಠಿಣ್ಯವನ್ನು ಪ್ರವೇಶದ ಔದಾರ್ಯ ಸರಿದೂಗಿಸುತ್ತದೆ.

ಎಸಿಸಿ ಪಂದ್ಯಾವಳಿಯೂ ಅದರ ಒಳ್ಳೆಯ ದಿನಗಳಲ್ಲಿ ಹೀಗೆಯೇ ಇತ್ತು. ಸದಸ್ಯರೆಲ್ಲರೂ ಬರುತ್ತಿದ್ದರು. ಕೊನೆಯ ಸ್ಥಾನದವರಿಗೂ ಮೂರು ದಿನ ಚೆನ್ನಾಗಿ ಆಡಿದರೆ ಚಾಂಪಿಯನ್ ಆಗುವ ಹಕ್ಕಿತ್ತು. ಶುಕ್ರವಾರ ಮಧ್ಯಾಹ್ನದ ಪಂದ್ಯಗಳಿಗಾಗಿ ಈ ರಾಜ್ಯದ ಶಾಲೆಗಳಲ್ಲಿ ಮೇಷ್ಟರುಗಳೇ ಟಿವಿಯನ್ನು ತಳ್ಳುಗಾಡಿಯ ಮೇಲೆ ತರಗತಿಗೆ ತರುತ್ತಿದ್ದರಂತೆ. ಈಗ ಐವತ್ತು ದಾಟಿದ ಇಲ್ಲಿನವರು ಯಾರನ್ನು ಕೇಳಿದರೂ ಆ ನೆನಪನ್ನು ಹೇಳುತ್ತಾರೆ. ಟಿಕೆಟ್ಟುಗಳು ಮಾರುಕಟ್ಟೆಗೆ ಬರುವುದಕ್ಕಿಂತ ಹೆಚ್ಚಾಗಿ ವಿಶ್ವವಿದ್ಯಾಲಯಗಳ ದಾನಿಗಳ ಕೈ ಸೇರುತ್ತಿದ್ದವು, ಮನೆತನದ ಆಸ್ತಿಯಂತೆ ತಂದೆಯಿಂದ ಮಗಳಿಗೆ ಹೋಗುತ್ತಿದ್ದವು. ಈ ಕೊನೆಯದರಲ್ಲಿ ನನಗೆ ಅಷ್ಟೇನೂ ಗೌರವವಿಲ್ಲ. ದುಡ್ಡಿದ್ದವರು ಕೆಳಗಿನ ಸಾಲುಗಳಲ್ಲಿ, ವಿದ್ಯಾರ್ಥಿಗಳು ಸೂರಿನ ಬಳಿ ಎಂಬುದು ಇಂದಿಗೂ ಇಲ್ಲಿನ ವ್ಯವಸ್ಥೆ. ಆದರೂ ನಮ್ಮ ವಿಶ್ವವಿದ್ಯಾಲಯಗಳ ಸ್ಥಿತಿಯನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ. 1935–36ರಲ್ಲಿ ಆರಂಭವಾದ ರೋಹಿಂಟನ್ ಬಾರಿಯಾ ಟ್ರೋಫಿಯಂಥ ಅಂತರ್ ವಿಶ್ವವಿದ್ಯಾಲಯ ಪಂದ್ಯಾವಳಿಗಳಿಗೆ ಒಂದು ಕಾಲದಲ್ಲಿ ಪತ್ರಿಕೆಗಳಲ್ಲಿ ಜಾಗವಿತ್ತು, ಆಯ್ಕೆಗಾರರ ಕಣ್ಣಿತ್ತು. ಈಗ ದಕ್ಷಿಣ ವಲಯದ ಬಾಸ್ಕೆಟ್‌ಬಾಲ್ ಪಂದ್ಯಗಳು ಯಾವ ಊರಿನಲ್ಲಿ, ಯಾವ ವಾರ ನಡೆಯುತ್ತವೆಂಬುದು ಆ ವಿಶ್ವವಿದ್ಯಾಲಯದಲ್ಲೇ ಓದುವ ಹುಡುಗರಿಗೂ ತಿಳಿದಿರುವುದು ಅಪರೂಪ. ನಮ್ಮಲ್ಲಿ ಕೊರತೆ ಆಟಗಾರರದ್ದಲ್ಲ. ವರ್ಷಕ್ಕೊಮ್ಮೆ ನಿಶ್ಚಿತ ವಾರದಲ್ಲಿ, ನಿಶ್ಚಿತ ಊರಿನಲ್ಲಿ, ಹಳೆಯ ವಿದ್ಯಾರ್ಥಿಗಳು ರಜೆ ಹಾಕಿ ಬರಬಹುದಾದ ಒಂದು ಸಂದರ್ಭದ್ದು. ಅದನ್ನು ಎಸಿಸಿಯಿಂದ ಕಲಿಯಬಹುದು.

ಹಾಗೆಂದು ಎಸಿಸಿಯ ಇಂದಿನ ರೂಪ ಆದರ್ಶವೆಂದು ನಾನು ಹೇಳಲಾರೆ. 1976ರಲ್ಲಿ ಮೊದಲ ಬಾರಿ ಪಂದ್ಯಾವಳಿ ಈ ರಾಜ್ಯದಿಂದ ಹೊರಗೆ, ಮೇರಿಲ್ಯಾಂಡಿನ ಲ್ಯಾಂಡೋವರ್‌ಗೆ ಹೋಯಿತು. ಆಮೇಲೆ ಅಟ್ಲಾಂಟಾ, ವಾಷಿಂಗ್ಟನ್, ಬ್ರೂಕ್ಲಿನ್ ಎಂದು ಸುತ್ತಿತು. ಎಂಟು ತಂಡಗಳ ಕಾಲದಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರ ವಿರುದ್ಧ ಎರಡೆರಡು ಸಲ ಆಡುತ್ತಿದ್ದರು; ಲೀಗ್ ಪಟ್ಟಿಗೆ ಆಗ ಒಂದು ಅರ್ಥವಿತ್ತು. 2024ರಲ್ಲಿ ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ನ ಎಸ್‌ಎಂಯು ಸೇರಿದ ಮೇಲೆ ತಂಡಗಳು ಹದಿನೆಂಟಾದವು. ಅಟ್ಲಾಂಟಿಕ್ ತೀರದ ಕೂಟಕ್ಕೆ ಪೆಸಿಫಿಕ್ ತೀರದ ಸದಸ್ಯರು ಬಂದದ್ದು ಟಿವಿ ಒಪ್ಪಂದಗಳ ಕೃಪೆಯೇ ಹೊರತು ಭೂಗೋಳದ್ದಲ್ಲ. 2024–25ರ ಇಪ್ಪತ್ತು ಲೀಗ್ ಪಂದ್ಯಗಳಲ್ಲಿ ಹದಿನೇಳು ಎದುರಾಳಿಗಳನ್ನು ಸಮನಾಗಿ ಹಂಚುವುದು ಅಸಾಧ್ಯವಾಗಿತ್ತು. ಒಬ್ಬರಿಗೆ ಡ್ಯೂಕ್ ಎರಡು ಸಲ ಎದುರಾದರೆ ಇನ್ನೊಬ್ಬರಿಗೆ ಪಟ್ಟಿಯ ತಳದಲ್ಲಿರುವವರು ಎರಡು ಸಲ ಸಿಗುತ್ತಾರೆ. ಇಂಥ ಪಟ್ಟಿಯಲ್ಲಿ ಹದಿನೈದನೆಯವನಿಗೂ ಹದಿನಾರನೆಯವನಿಗೂ ಇರುವ ಅಂತರವನ್ನು ಆಧಾರವಾಗಿಟ್ಟುಕೊಂಡು ಒಬ್ಬನಿಗೆ ಬಾಗಿಲು ತೆರೆದು ಇನ್ನೊಬ್ಬನಿಗೆ ಮುಚ್ಚುವುದು ಯಾವ ನ್ಯಾಯ?

ಮುಚ್ಚಿದ ಬಾಗಿಲಿನ ಹಿಂದೆ ಏನು ಉಳಿದುಹೋಗಬಹುದೆಂಬುದಕ್ಕೆ 2024ರ ಸ್ಟೇಟ್ ತಂಡವೇ ಸಾಕ್ಷಿ. ಆಗ ಕಾನ್ಫರೆನ್ಸ್‌ನಲ್ಲಿ ಹದಿನೈದು ತಂಡಗಳಿದ್ದವು, ಹದಿನೈದೂ ವಾಷಿಂಗ್ಟನ್‌ನಲ್ಲಿ ಆಡಿದವು. ಲೀಗ್‌ನ ಕೊನೆಯ ನಾಲ್ಕೂ ಪಂದ್ಯಗಳನ್ನು ಸೋತು ಹತ್ತನೆಯ ಶ್ರೇಯಾಂಕದಿಂದ ಬಂದಿದ್ದ ಸ್ಟೇಟ್ ಮಂಗಳವಾರ ಲೂಯಿವಿಲ್ ವಿರುದ್ಧ ಗೆದ್ದಿತು, ಬುಧವಾರ ಸಿರಕ್ಯೂಸ್ ವಿರುದ್ಧ, ಗುರುವಾರ ಡ್ಯೂಕ್ ವಿರುದ್ಧ. ಶುಕ್ರವಾರದ ಸೆಮಿಫೈನಲ್‌ನಲ್ಲಿ ವರ್ಜೀನಿಯಾ ಮೂರು ಅಂಕ ಮುಂದಿದ್ದು, ಕೊನೆಯ ಸೆಕೆಂಡುಗಳಲ್ಲಿ ಒಂದು ಫ್ರೀ ಥ್ರೋ ಹಾಕಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಅದು ತಪ್ಪಿತು, ಮೈಕಲ್ ಒಕಾನೆಲ್ ಓಡುತ್ತಲೇ ಎಸೆದ ಚೆಂಡು ಹಲಗೆಗೆ ಬಡಿದು ರಿಂಗಿನ ಸುತ್ತ ಕುಣಿದು ಒಳಗೆ ಬಿತ್ತು. ಹೆಚ್ಚುವರಿ ಅವಧಿಯಲ್ಲಿ ಗೆದ್ದ ಸ್ಟೇಟ್ ಶನಿವಾರ ಲೀಗ್ ಅಗ್ರಸ್ಥಾನಿ ಉತ್ತರ ಕ್ಯಾರೊಲೈನಾವನ್ನು 84–76ರಿಂದ ಸೋಲಿಸಿ 1987ರ ನಂತರ ಮೊದಲ ಬಾರಿ ಎಸಿಸಿ ಚಾಂಪಿಯನ್ ಆಯಿತು. ಐದು ದಿನ, ಐದು ಪಂದ್ಯ. ಆ ಸಂಜೆ ನಮ್ಮ ಬೀದಿಯ ಉದ್ದಕ್ಕೂ ಕಾರುಗಳು ಹಾರ್ನ್ ಹೊಡೆಯುತ್ತಾ ಸಾಗಿದವು. ರಾತ್ರಿ ಒಂಬತ್ತರ ಬಳಿಕ ಪಿಸುಮಾತಿನಲ್ಲೇ ಬದುಕುವ ಬಡಾವಣೆಯಿದು.

ಈ ಗೆಲುವು ಬರೀ ಆಕಸ್ಮಿಕವೆಂದು ಹೇಳಿ ಕೈತೊಳೆದುಕೊಳ್ಳುವಂತಿರಲಿಲ್ಲ. ರಾಷ್ಟ್ರೀಯ ಪಂದ್ಯಾವಳಿಗೆ ಹನ್ನೊಂದನೆಯ ಶ್ರೇಯಾಂಕದೊಂದಿಗೆ ಹೋದ ಅದೇ ತಂಡ, ದಪ್ಪ ಮೈಯ, ನಗುಮುಖದ ಡಿ.ಜೆ. ಬರ್ನ್ಸ್‌ನ ನಾಜೂಕು ಹೆಜ್ಜೆಗಳನ್ನು ನಂಬಿ ಇನ್ನೂ ನಾಲ್ಕು ಪಂದ್ಯ ಗೆದ್ದು ಕೊನೆಯ ನಾಲ್ಕರ ಹಂತ ತಲುಪಿತು. ಪರ್ಡ್ಯೂ ವಿರುದ್ಧ 63–50ರಿಂದ ಸೋತ ಮೇಲೆಯೇ ಮನೆಗೆ ಬಂದದ್ದು. ಅಂದರೆ ಮೂರು ತಿಂಗಳ ಲೀಗ್ ಪಟ್ಟಿ ಆ ತಂಡದ ಬಗ್ಗೆ ಹೇಳಿದ್ದು ಪೂರ್ಣ ಸತ್ಯವಾಗಿರಲಿಲ್ಲ. ಆಯ್ಕೆ ಸಮಿತಿ ಆ ತಂಡದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎಲ್ಲರಿಗೂ ತೆರೆದಿದ್ದ ಒಂದು ಬಾಗಿಲು ಮಾತ್ರ ಅದನ್ನು ಒಳಗೆ ಬಿಟ್ಟಿತು. ಅದರ ಮರುವರ್ಷ ಅದೇ ವಿಶ್ವವಿದ್ಯಾಲಯ ಹೊರಗುಳಿದಾಗ, ಋತು ಮುಗಿದ ಮರುದಿನವೇ ಕೋಚ್ ಕೆವಿನ್ ಕೀಟ್ಸ್ ಕೆಲಸ ಕಳೆದುಕೊಂಡರು. ನಮ್ಮಲ್ಲಿ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ನಿರ್ದೇಶಕರನ್ನು ತಂಡ ಸೋತಿತೆಂದು ಮನೆಗೆ ಕಳುಹಿಸಿದ್ದನ್ನು ನಾನು ಕೇಳಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ನಿಧಾನವೇ ಮೇಲು.

ಹದಿನೈದರ ನಿಯಮವನ್ನು ಸಮರ್ಥಿಸುವವರ ವಾದ ನನಗೆ ತಿಳಿಯದ್ದಲ್ಲ. ಎಲ್ಲರಿಗೂ ಪ್ರವೇಶವಿದ್ದರೆ ಲೀಗ್‌ನ ಕೊನೆಯ ವಾರಗಳಲ್ಲಿ ಕೆಳಗಿನ ತಂಡಗಳಿಗೆ ಗೆಲ್ಲುವ ಅಗತ್ಯವೇನು ಎಂದು ಅವರು ಕೇಳುತ್ತಾರೆ. ಹೊರಗುಳಿಯುವ ಭಯದಿಂದ ಫೆಬ್ರವರಿಯ ಪಂದ್ಯಗಳಿಗೆ ಬಿಸಿ ಬರುವುದು ನಿಜ. ಆದರೆ ಶ್ರೇಯಾಂಕದ ಲಾಭ ಆ ಕೆಲಸವನ್ನು ಈಗಾಗಲೇ ಮಾಡುತ್ತಿದೆ: ಮೊದಲ ನಾಲ್ಕು ತಂಡಗಳು ನೇರವಾಗಿ ಕ್ವಾರ್ಟರ್‌ಫೈನಲ್‌ಗೆ ಹೋಗುತ್ತವೆ, ಕೆಳಗಿನವರು ಐದು ದಿನ ಸತತ ಆಡಬೇಕಾಗುತ್ತದೆ. ಹೆಚ್ಚು ಗೆದ್ದವನಿಗೆ ವಿಶ್ರಾಂತಿ, ಕಡಿಮೆ ಗೆದ್ದವನಿಗೆ ದುಡಿಮೆ. ಇದು ಒಪ್ಪತಕ್ಕ ಶಿಕ್ಷೆ. ಇನ್ನು ವೆಚ್ಚದ ವಾದವಂತೂ ನಗು ತರಿಸುತ್ತದೆ. ಒಂದು ಸಾಮಾನ್ಯ ಲೀಗ್ ಪಂದ್ಯಕ್ಕಾಗಿ ಬಾಸ್ಟನ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ವಿದ್ಯಾರ್ಥಿಗಳನ್ನು ವಿಮಾನದಲ್ಲಿ ಕಳುಹಿಸುವ ಕೂಟ, ಮೂರು ತಂಡಗಳನ್ನು ಶಾರ್ಲಟ್‌ಗೆ ಕರೆತರುವ ಖರ್ಚಿನ ಬಗ್ಗೆ ಚಿಂತಿಸುವುದು ಯಾರೂ ನಂಬುವ ಮಾತಲ್ಲ. ಎಸ್‌ಇಸಿ ಮತ್ತು ಬಿಗ್ ಟ್ವೆಲ್ವ್ ಕಾನ್ಫರೆನ್ಸ್‌ಗಳು ತಮ್ಮ ಹದಿನಾರಕ್ಕೆ ಹದಿನಾರೂ ತಂಡಗಳನ್ನು ಆಡಿಸುತ್ತವೆ. 2025ರಲ್ಲಿ ಹದಿನೈದಕ್ಕೆ ನಿಲ್ಲಿಸಿದ್ದ ಬಿಗ್ ಟೆನ್ ಕೂಡ 2026ಕ್ಕೆ ತನ್ನ ಹದಿನೆಂಟು ತಂಡಗಳನ್ನೂ ಸೇರಿಸಿಕೊಳ್ಳುವ ನಿರ್ಧಾರ ಮಾಡಿತು.

ಲೆಕ್ಕವೂ ಕಷ್ಟದ್ದಲ್ಲ. ಹದಿಮೂರರಿಂದ ಹದಿನೆಂಟರವರೆಗಿನ ಆರು ತಂಡಗಳು ಸೋಮವಾರ ಮೂರು ಪಂದ್ಯ ಆಡಲಿ. ಗೆದ್ದ ಮೂವರು ಮಂಗಳವಾರ ಹತ್ತು, ಹನ್ನೊಂದು ಮತ್ತು ಹನ್ನೆರಡನೆಯ ಶ್ರೇಯಾಂಕದವರನ್ನು ಎದುರಿಸಲಿ. ಅಲ್ಲಿಂದಾಚೆಗೆ ಈಗಿನ ವೇಳಾಪಟ್ಟಿಯನ್ನು ಅಲುಗಿಸಬೇಕಾಗಿಲ್ಲ. ಸೋಮವಾರ ಶಾರ್ಲಟ್‌ನ ದೊಡ್ಡ ಅಂಗಣ ತುಂಬುವುದಿಲ್ಲವೆಂಬ ಆತಂಕವಿದ್ದರೆ ಆ ಮೂರು ಪಂದ್ಯಗಳನ್ನು ಗ್ರೀನ್ಸ್‌ಬರೊದಲ್ಲೇ ಆಡಿಸಬಹುದು. ಕಾನ್ಫರೆನ್ಸ್‌ನ ಕಚೇರಿ 2023ರಲ್ಲಿ ಆ ಊರನ್ನು ಬಿಟ್ಟು ಶಾರ್ಲಟ್‌ಗೆ ಹೋದಾಗ ಅಲ್ಲಿಯವರಿಗಾದ ಬೇಸರ ಇನ್ನೂ ಆರಿಲ್ಲ. ಟಿಕೆಟ್ ದರವನ್ನು ಐದು ಡಾಲರಿಗೆ ಇಳಿಸಿ, ಮಧ್ಯಾಹ್ನದ ಮೊದಲ ಪಂದ್ಯಕ್ಕೆ ಸುತ್ತಮುತ್ತಲಿನ ಶಾಲೆಗಳ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದರೆ ಕೆಳಗಿನ ಸಾಲುಗಳೂ ತುಂಬುತ್ತವೆ. ಗೆದ್ದ ತಂಡಗಳಿಗೆ ಅಲ್ಲಿಂದ ಶಾರ್ಲಟ್ ಹೆದ್ದಾರಿಯಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ, ರಾತ್ರಿ ಊಟದ ಹೊತ್ತಿಗೆ ಹೋಟೆಲ್ ಸೇರಿಕೊಳ್ಳಬಹುದು.